ಬಸಣ್ಣನ ನಾಲ್ಕು ವಿಧಿ, ನನ್ನ ಎರಡು ಕೆಮ್ಮು

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಹೀಗಾಗಿ ದೊಡ್ಡಪ್ಪನ ಮಗ ಬಸಣ್ಣನನ್ನು ಮೂಢನಂಬಿಕೆಯಿಂದ ಬಿಡಿಸುವುದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ. ಆತ ದೇವದುರ್ಗದಲ್ಲಿ ಹೆಸರಾದ ಗುಂಡು ಎಸೆತಗಾರ. ಎಸೆಯುವ ಮುಂಚೆ ಅಂಗೈಗೆ ಮಣ್ಣು ಸವರಿ, ಗುಂಡನ್ನು ಕುತ್ತಿಗೆಗೆ ಒತ್ತಿ, ಮೂರು ಸಲ ಉಸಿರು ಬಿಟ್ಟು, "ಯವ್ವಾ" ಅನ್ನುತ್ತಿದ್ದ. ನಾಲ್ಕು ವಿಧಿ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ.

"ಇದರಿಂದ ಮನಸ್ಸು ಒಂದು ಕಡಿ ನಿಲ್ತದ ಅನ್ನೂದಕ್ಕ ಪುರಾವೆ ಏನದ?" ಎಂದೆ.

"ನಿಲ್ಲೂದಿಲ್ಲ ಅನ್ನೂದಕ್ಕ ನಿನ್ನ ಹತ್ರ ಏನದ ತಮ್ಮಾ?"

ಕರಾರಾಯಿತು. ನಾನು ಗೆದ್ದರೆ ಮಾನ್ವಿಯ ಕ್ರೀಡಾಕೂಟದಲ್ಲಿ ಆತ ವಿಧಿಗಳನ್ನು ಬಿಡಬೇಕು. ಆತ ಗೆದ್ದರೆ ಕೂಟದ ದಿನ ಹೊತ್ತು ಮುಳುಗುವ ತನಕ ನಾನು ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಅದಕ್ಕಿಂತ ಜೈಲು ವಾಸಿ.

ತೀರ್ಪು ಯಂತ್ರವೇ ಕೊಡಲಿ ಎಂದೆವು. ರಾಯಚೂರಿನಲ್ಲಿ ಪರಿಚಯದ ಡಾಕ್ಟರೊಬ್ಬರು ಮೆದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಯುವ ಯಂತ್ರ ಹೊಸದಾಗಿ ತರಿಸಿದ್ದರು. ತಲೆಗೆ ವೈರು ಅಂಟಿಸಿದರೆ ಸಾಲಾಗಿ ಜೋಡಿಸಿದ ಮಸಿ ಮುಳ್ಳುಗಳು ಗೆರೆ ಎಳೆಯುತ್ತಿದ್ದವು. "ತಲಿ ತೊಳಕೊಂಡು ಬರ್ರಿ" ಎಂದಷ್ಟೇ ಹೇಳಿದರು. ಅದನ್ನು ನಾನು ದೊಡ್ಡವ್ವನಿಗೆ ಮುಟ್ಟಿಸಿದೆ. ರಾಯಚೂರಿನ ದವಾಖಾನೆಯಲ್ಲಿ ಮಗನ ತಲೆ ನೋಡುತ್ತಾರೆಂದರೆ ಆಕೆ ಸುಮ್ಮನಿರುತ್ತಾಳೆಯೇ? ತೊಳೆದು, ಒಣಗಿಸಿ, ಮೇಲೆ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ತಿಕ್ಕಿ, ಬೈತಲೆ ತೆಗೆದು ಕಳಿಸಿದಳು. ಅಂಟಿಸಿದ ವೈರುಗಳು ಒಂದೊಂದಾಗಿ ಬಸಣ್ಣನ ಹೆಗಲಿಗೆ ಇಳಿದವು.

"ಇದೇನ್ರೀ, ಒಗ್ಗರಣಿಗೆ ತಯಾರ್ ಮಾಡಿ ಕರಕೊಂಡು ಬಂದೀರಿ?" ಎಂದರು ಡಾಕ್ಟರು.

ನಳದ ಕೆಳಗೆ ಕೂರಿಸಿ, ಬಟ್ಟೆ ಸಾಬೂನಿನಿಂದ ಮೂರು ಸಲ ತಲೆ ತಿಕ್ಕಿದವನು ನಾನೇ. ಆಮೇಲೆ ವೈರು ನಿಂತವು. ಸುಮ್ಮನೆ ಕೂತಾಗ ಮುಳ್ಳುಗಳು ಕುಣಿದವು. ಜೊತೆಗೆ ತಂದಿದ್ದ ಮಣ್ಣು, ಗುಂಡು, ಮೂರನೇ ಉಸಿರು, "ಯವ್ವಾ" ಆಗುತ್ತಲೇ ಗೆರೆಗಳು ಹದಕ್ಕೆ ಬಂದವು.

"ಒಬ್ಬನ ತಲಿ ಪುರಾವೆ ಅಲ್ಲ," ಎಂದು ವಾದ ಹೂಡಿದೆ. "ಹೋಲಿಸಾಕ ಯಾವ ವಿಧಿನೂ ಇಲ್ಲದ ತಲಿ ಬೇಕು. ನಂದು ಅದ."

ಡಾಕ್ಟರು ನನಗೂ ವೈರು ಅಂಟಿಸಿ, ಭಾಷಣ ಶುರು ಮಾಡಿ ಎಂದರು. ಬಸಣ್ಣ ನನ್ನ ಎರಡೂ ಕೈ ಹಿಡಿದ. "ವಿಧಿ ಇಲ್ಲಂದಮ್ಯಾಲೆ ಕೈ ಯಾಕ ಬೇಕು?"

"ಸನ್ಮಾನ್ಯ ಅಧ್ಯಕ್ಷರೇ..." ಮುಂದಿನ ಮಾತು ಬರಲಿಲ್ಲ. ಮುಳ್ಳುಗಳು ಹುಚ್ಚೆದ್ದು ಕಾಗದವೆಲ್ಲ ಮಸಿಯಾಯಿತು. ಬಸಣ್ಣ ಕೈ ಬಿಟ್ಟ. ನನಗೇ ಗೊತ್ತಿಲ್ಲದೆ ಕಾಲರ್ ಎಳೆದೆ, ಕನ್ನಡಕ ಒರೆಸಿದೆ, ಜೇಬಿನ ಪೆನ್ನು ಮುಟ್ಟಿದೆ, ಎರಡು ಸಲ ಕೆಮ್ಮಿದೆ. ಭಾಷಣ ಹರಿಯಿತು. ಗೆರೆಗಳು ಬಸಣ್ಣನವಕ್ಕಿಂತ ಶಾಂತವಾದವು.

ಆತ ಬೆರಳು ಮಡಚಿದ. "ಕಾಲರ್, ಕನ್ನಡಕ, ಪೆನ್ನು, ಎರಡು ಕೆಮ್ಮು. ಐದಾದ್ವು. ನನಗಿಂತ ಒಂದು ಜಾಸ್ತಿ, ತಮ್ಮಾ." ಕರಾರು ನಾನು ಸೋತಿದ್ದೆ.

ಮಾನ್ವಿಯಲ್ಲಿ ಬಸಣ್ಣ ನಾಲ್ಕೂ ವಿಧಿ ಪೂರೈಸಿ ಎರಡನೇ ಸ್ಥಾನಕ್ಕೆ ಬಂದ. ಮೊದಲನೇ ಸ್ಥಾನ ಕವಿತಾಳ ಎಂಬ ಊರಿನ ಒಬ್ಬನದು. ಅವನು ಪಕ್ಕದವನ ಜೊತೆ ಹರಟುತ್ತಲೇ ಬಂದ, ಎಸೆದ, ಹರಟೆ ಮುಂದುವರಿಸಿದ. ಮಣ್ಣಿಲ್ಲ, ಉಸಿರಿಲ್ಲ, ಯವ್ವನೂ ಇಲ್ಲ.

ನನ್ನ ವಾದಕ್ಕೆ ಇಡೀ ಜಿಲ್ಲೆಯಲ್ಲಿ ಸಿಕ್ಕ ಒಂದೇ ಸಾಕ್ಷಿ ಅದು. ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಕಾಲರ್ ಎಳೆದೆ, ಕನ್ನಡಕ ಒರೆಸಿದೆ, ಪೆನ್ನು ಮುಟ್ಟಿದೆ, ಎರಡು ಸಲ ಕೆಮ್ಮಿದೆ. ಮನಸ್ಸು ಅಷ್ಟು ಗಟ್ಟಿಯಾಗಿ ಎಂದೂ ನಿಂತಿರಲಿಲ್ಲ.

ಬಸಣ್ಣ ತುಟಿಯ ಮೇಲೆ ಬೆರಳಿಟ್ಟ.