ಪೂರ್ವಕ್ಕೆ ಪೇಪರ್ ಓದುತ್ತಿರುವ ಹಿರಿಯರು

ಹನ್ನೊಂದನೇ ನಂಬರಿನ ಮನೆಯು ನಲವತ್ತು ವರ್ಷಗಳಲ್ಲಿ ಕ್ರಮಬದ್ಧವಾಗಿ ಐದು ಸಲ ಮಾರಾಟವಾಗಿದ್ದು, ಐದು ಸಲವೂ ಅದರ ಪೂರ್ವದ ಗಡಿಯಾಗಿ ಒಬ್ಬ ಹಿರಿಯರು ದಾಖಲಾಗಿದ್ದಾರೆ. ಮೊದಲ ಕ್ರಯಪತ್ರಕ್ಕೆ ಚೆಕ್ಕುಬಂದಿ ಬರೆದವರು ಕಂಡದ್ದನ್ನು ಕಂಡ ಹಾಗೇ ಬರೆಯುವ ನಿಷ್ಠಾವಂತರು. ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಚರಂಡಿ, ಪಶ್ಚಿಮಕ್ಕೆ ಬೇಕರಿಯ ಗೋಡೆ, ಪೂರ್ವಕ್ಕೆ ‘ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿರುವ ಹಿರಿಯರು’. ಮುಂದಿನವರೆಲ್ಲ ಕಣ್ಣುಮುಚ್ಚಿ ನಕಲು ಮಾಡಿದರು. ಆ ಹಿರಿಯರು ಯಾವತ್ತೋ ತೀರಿಕೊಂಡರು, ಗಡಿ ಉಳಿಯಿತು.

ಆರನೇ ಮಾರಾಟಕ್ಕೆ ಹೊರಟವಳು ಆ ಮನೆಯ ಸೊಸೆ, ಕಸುಬಿನಲ್ಲಿ ಟೈಲರ್. ಅವಳ ಮಾವನ ಮಂಡಿ ಕೈಕೊಟ್ಟಿತ್ತು. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಹದಿನಾರು ಮೆಟ್ಟಿಲನ್ನು ಅವರು ಹಲ್ಲುಕಚ್ಚಿ ಹತ್ತುವಾಗ ಇವಳು ಹೊಲಿಗೆ ಬಿಟ್ಟು ಹಿಂದೆಯೇ ಹತ್ತುತ್ತಿದ್ದಳು. ಎರಡು ಬೀದಿ ಆಚೆ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ತಿಂಗಳೊಳಗೆ ಇದನ್ನು ಮಾರದಿದ್ದರೆ ಅದು ಕೈತಪ್ಪುತ್ತಿತ್ತು.

ನೋಂದಣಿ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಬಂದ ಗುಮಾಸ್ತರು ಪೂರ್ವಕ್ಕೆ ನೋಡಿ ಹುಬ್ಬುಗಂಟಿಕ್ಕಿದರು.

“ಗಡಿ ಎಲ್ಲಮ್ಮಾ?”

“ತೀರ್ಕೊಂಡ್ರಂತೆ ಸಾರ್.”

“ಗಡೀದು ಮರಣಪತ್ರ ಇದ್ಯಾ?”

“ಪಕ್ಕದ ಮನೆ ಅಂತ ತಿದ್ದಿಬಿಡಿ ಸಾರ್!”

“ತಿದ್ದೋಕೆ ಹನ್ನೊಂದು ವರ್ಷ ಬೇಕು. ಹಿರಿಯರನ್ನ ಕೂರ್ಸೋದು ಐದು ನಿಮಿಷದ ಕೆಲಸ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾವ ಪೇಪರ್ ಹಿಡಿದು ಬಂದು, ಗುಮಾಸ್ತರು ತೋರಿಸಿದ ಜಾಗದಲ್ಲಿ ಕುರ್ಚಿ ಹಾಕಿ ಕೂತರು. ಗುಮಾಸ್ತರು ಟೇಪು ಹಿಡಿದು ಅವರ ಎಡ ಮೊಣಕೈವರೆಗೆ ಅಳೆದು, ‘ಗಡಿ ಸುಸ್ಥಿತಿಯಲ್ಲಿದೆ’ ಎಂದು ಸಹಿ ಹಾಕಿದರು. ಮನೆ ಮಾರಾಟವಾಯಿತು.

ಸಾಮಾನು ಸಾಗಿಸುವ ದಿನ ಗೇಟಿನ ಮೇಲೆ ಪ್ರಕಟಣೆ ಅಂಟಿತ್ತು: ‘ಸದರಿ ಗಡಿಯನ್ನು ಹತ್ತರಿಂದ ಐದೂವರೆಯವರೆಗೆ ಕದಲಿಸತಕ್ಕದ್ದಲ್ಲ. ಊಟಕ್ಕೆ ಅರ್ಧ ಗಂಟೆ ವಿನಾಯಿತಿ. ಆಗ ಕುರ್ಚಿಯ ಮೇಲೆ ಪೇಪರ್ ಇಡತಕ್ಕದ್ದು.’

ಸೊಸೆ ಕಚೇರಿಗೆ ಹೋಗಿ ಎಗರಾಡಿದಳು. “ನಾನು ಮನೆ ಮಾರಿದ್ದು ಸಾರ್, ಮಾವನ್ನಲ್ಲ!”

“ಗಡಿ ಬಿಟ್ಟು ಮನೆ ಮಾರೋಕಾಗುತ್ತೇನಮ್ಮ?” ಎಂದರು ಗುಮಾಸ್ತರು, ಬೇಸರವಿಲ್ಲದೆ.

ವಾಪಸು ಬಂದಾಗ ಮಾವನೇ ಸಮಾಧಾನ ಹೇಳಿದರು. “ಹೋಗ್ಲಿ ಬಿಡಮ್ಮ. ರಿಟೈರ್ ಆದ ಮೇಲೆ ಮೊದಲನೇ ಸಲ ನಾನಿಲ್ದಿದ್ರೆ ನಡೆಯದ ಕೆಲಸ ಒಂದು ಸಿಕ್ಕಿದೆ.” ಅವರ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ ಇತ್ತು.

ಈಗ ಎಲ್ಲವೂ ಸುಸೂತ್ರ. ಪೂರ್ವದ ಮನೆಯ ಹಲ್ಲಿನ ಡಾಕ್ಟರು ದಿನಾ ಕಾಫಿ ತಂದು, “ಸ್ವಲ್ಪ ಆ ಕಡೆ ಜರುಗಿ ಯಜಮಾನ್ರೇ, ನೆರಳಿದೆ” ಎನ್ನುತ್ತಾರೆ. ಹೊಸ ಮಾಲೀಕರು ತಿಂಡಿ ತಂದು ಡಾಕ್ಟರ ಕಡೆಗೆ ಜರುಗಲು ಹೇಳುತ್ತಾರೆ. ಮಾವ ಎರಡನ್ನೂ ಮುಗಿಸಿ, ಇದ್ದಲ್ಲೇ ಇರುತ್ತಾರೆ. ಭಾನುವಾರದ ರಜೆಯೂ ಮಂಜೂರಾಗಿದೆ. ಅಂದು ಸದರಿ ಮನೆಗೆ ಪೂರ್ವದಿಕ್ಕಿನಲ್ಲಿ ಗಡಿ ಇರುವುದಿಲ್ಲ. ಡಾಕ್ಟರ ಬಟ್ಟೆ ಒಣಗುವ ಹಗ್ಗ ಹೊಸ ಮಾಲೀಕರ ಅಡುಗೆಮನೆ ಕಿಟಕಿಯವರೆಗೆ ಬಂದು, ಸೋಮವಾರ ಹತ್ತಕ್ಕೆ ಹಿಂದೆ ಸರಿಯುತ್ತದೆ.

ದಿನಾ ಎರಡು ಬೀದಿ ನಡೆದು ನಡೆದು ಮಾವನ ಮಂಡಿ ವಾಸಿಯಾಗಿದೆ. ಮೆಟ್ಟಿಲಿಲ್ಲದ ಮನೆಯಲ್ಲಿ ಅವರಿಗೆ ಬೇಜಾರು. ಸೊಸೆ ಕುರ್ಚಿಗೊಂದು ಮೆತ್ತನೆಯ ದಿಂಬು ಹೊಲಿದುಕೊಟ್ಟಿದ್ದಾಳೆ. ಕಚೇರಿಯು ಅದನ್ನು ‘ಗಡಿ ದುರಸ್ತಿ’ ಎಂದು ದಾಖಲಿಸಿಕೊಂಡಿದೆ.