ಗೆದ್ದಲು ತಿಂದ ರಾಣಿ

ಗೆದ್ದಲಿಗೆ ತಿನ್ನಲು ಲಂಡನ್ನಿನ ರಾಣಿಯೇ ಬೇಕಿತ್ತೇ? ಚಿತ್ರದಲ್ಲಿ ಉಳಿದದ್ದನ್ನೆಲ್ಲ ಬಿಟ್ಟು ಅವಳ ಮುಖವನ್ನಷ್ಟೇ ತಿಂದು ಹೋಗಿತ್ತು.

ನೂರು ವರ್ಷದ ಹಿಂದೆ ಲಂಡನ್ನಿನ ಗಾಜಿನರಮನೆಯಲ್ಲಿ ನಡೆದ ಮಹಾಪ್ರದರ್ಶನದ ಅಚ್ಚಿನ ಚಿತ್ರವದು. ಹೆಡ್‌ಮಾಸ್ಟ್ರು ಮಹೇಶ್ವರಯ್ಯ ಯಾವುದೋ ಬಂಗಲೆಯ ಹರಾಜಿನಲ್ಲಿ ಹಿಡಿದದ್ದು. ಮಡಂತ್ಯಾರಿನಾಚೆಯ ಅವರ ಶಾಲೆಯಲ್ಲಿ ಆ ದಿನ ಮಕ್ಕಳ ವಸ್ತುಪ್ರದರ್ಶನ. ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರು ಬರುವ ಮೊದಲು ಚಿತ್ರವನ್ನು ಬಾಗಿಲ ಬಳಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಇಳಿಸಬೇಕು. ಇಳಿಸಿದರೆ ಡ್ರಾಯಿಂಗ್ ಮಾಸ್ಟ್ರು ಗುರುವಪ್ಪನ ಹಂಗಾಮಿ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

ಮಧ್ಯಾಹ್ನಕ್ಕೆ ಗೋಡೆಯ ಮೇಲೆ ಅರಮನೆ ಎದ್ದಿತು, ಅದರೊಳಗಿನ ಮರಗಳೂ ಎದ್ದವು. ಡ್ರಿಲ್ ಮಾಸ್ಟ್ರು ಅಬ್ದುಲ್ ರವೂಫ್ ಬಂದು ನಿಂತರು.

"ಮನೆಯೊಳಗೆ ಮರ ಉಂಟಲ್ಲ ಮಾರಾಯ್ರೆ! ಎಲೆ ಗುಡಿಸುವುದು ಯಾರು?"

"ಲಂಡನ್ನಿನವರು ಗುಡಿಸ್ತಾರೆ. ನೀವು ಹೋಗಿ."

"ಹೋಗ್ತೇನೆ. ಇಷ್ಟು ಸಾವಿರ ಜನ ಉಂಟು. ನನ್ನದೊಂದು ತಲೆ ಹೆಚ್ಚಾದರೆ ಅರಮನೆ ಬೀಳ್ತದಾ?"

ರವೂಫ್ ಮೀಸೆ ಸಮೇತ ಕಂಬದ ಬದಿಗೆ ಸೇರಿದರು. ಸುದ್ದಿ ಒಣಸೀಗಡಿ ಹುರಿದ ವಾಸನೆಯ ಹಾಗೆ ಹರಡಿತು. ಅರ್ಧ ಗಂಟೆಯಲ್ಲಿ ಗುಮಾಸ್ತ, ಪಂಡಿತರು, ಗಂಟೆ ಹೊಡೆಯುವ ಚನಿಯಪ್ಪ ಎಲ್ಲರೂ ಲಂಡನ್ನು ತಲುಪಿದ್ದರು. ಕೊನೆಗೆ ಹೆಡ್‌ಮಾಸ್ಟ್ರೇ ಬಂದರು.

"ನನಗೆ ಆಸೆ ಅಂತ ಅಲ್ಲ ಗುರುವಪ್ಪ, ಶಾಲೆಯ ಮರ್ಯಾದೆಗೆ. ರಾಣಿಯ ಪಕ್ಕದಲ್ಲಿ ಪದಕ ಹಾಕಿದವನೊಬ್ಬ ಇದ್ದಾನಲ್ಲ, ದಿವಾನನಿರಬೇಕು. ಅವನ ತಲೆ ತೆಗೆದು..."

ತೆಗೆದು ಹೆಡ್‌ಮಾಸ್ಟ್ರ ತಲೆ ಇಟ್ಟೂ ಆಯಿತು. ಮೂರೂಮುಕ್ಕಾಲು ಗಂಟೆ. ಉಳಿದದ್ದು ರಾಣಿಯ ಮುಖ. ಗುರುವಪ್ಪ ಜನ್ಮದಲ್ಲಿ ರಾಣಿಯನ್ನು ಕಂಡವನಲ್ಲ. ನೋಡದೆ ಬರೆಯಲು ಬರುವ ಹೆಣ್ಣುಮುಖ ಒಂದೇ, ಹೆಂಡತಿ ಪೂವಮ್ಮನದು. ಬರೆದ. ಕಿರೀಟ ಅವಳಿಗೆ ಚೆನ್ನಾಗಿಯೇ ಒಪ್ಪಿತು.

ಇನ್ಸ್‌ಪೆಕ್ಟರು ಓದಿಕೊಂಡವರು. ಒಂದೊಂದೇ ಮುಖದ ಗುರುತು ಹಿಡಿದು ನಕ್ಕರು.

"ಭೇಷ್! ಲಂಡನ್ನಿನ ಚಿತ್ರಕಾರರೂ ಹೀಗೆಯೇ. ರೇಷ್ಮೆ ನಿಲುವಂಗಿ ತೊಟ್ಟು ಯಾರೋ ಒಬ್ಬ ಚೀನೀಯ ಆ ಪ್ರದರ್ಶನದೊಳಗೆ ನುಗ್ಗಿದನಂತೆ. ಅವನನ್ನೂ ಚೀನಾದ ರಾಯಭಾರಿ ಅಂತ ಬರೆದುಬಿಟ್ಟರು. ಈ ರಾಣಿ ಯಾರು?"

"ನನ್ನ ಹೆಂಡತಿ ಸಾರ್," ಎಂದ ಗುರುವಪ್ಪ ನಾಚುತ್ತ.

"ಓಹೋ! ಹಾಗಾದರೆ ಪಕ್ಕದಲ್ಲಿ ನೀವೇ ಇರಬೇಕಿತ್ತಲ್ಲ. ಮೂಲ ಚಿತ್ರದಲ್ಲಿ ಅಲ್ಲಿ ನಿಂತದ್ದು ರಾಣಿಯ ಗಂಡ."

ಹೆಡ್‌ಮಾಸ್ಟ್ರ ಮುಖ ಸುಣ್ಣದ ಗೋಡೆಯಾಯಿತು. ಕಾಫಿ ತಂದಿದ್ದ ಅವರ ಹೆಂಡತಿ ಸುಬ್ಬಮ್ಮ ಚಿತ್ರವನ್ನು ನೋಡಿದರು, ಗಂಡನನ್ನು ನೋಡಿದರು, ಲೋಟವನ್ನು ಮೆಲ್ಲನೆ ಕೆಳಗಿಟ್ಟರು.

"ಗುರುವಪ್ಪ ಮಾಸ್ಟ್ರೆ, ನಾಳೆಯಿಂದ ಇವರಿಗೆ ಬುತ್ತಿ ನಿಮ್ಮ ಮನೆಯಿಂದಲೇ ಬರಲಿ."

ಗುರುವಪ್ಪ ಸುಣ್ಣದ ಬಾಲ್ದಿಯತ್ತ ಹಾರಿದ. ಇನ್ಸ್‌ಪೆಕ್ಟರು ಅವನ ಕೈ ಹಿಡಿದು ನಿಲ್ಲಿಸಿ, ಶಾಲೆಯ ತಪಾಸಣೆ ಪುಸ್ತಕ ತರಿಸಿ, ದಪ್ಪ ಅಕ್ಷರದಲ್ಲಿ ಬರೆದರು: "ಡ್ರಾಯಿಂಗ್ ಮಾಸ್ಟ್ರನ್ನು ಇದೇ ಹೆಡ್‌ಮಾಸ್ಟ್ರ ಕೈಕೆಳಗೆ ಕಾಯಂ ಮಾಡತಕ್ಕದ್ದು. ಚಿತ್ರವೂ ಕಾಯಂ. ಯಾರೂ ಅಳಿಸಕೂಡದು."