ಎಲೆ ಇಳಿದಿದೆ ಎಂದು ಭಾವಿಸತಕ್ಕದ್ದು

ಬೆಳಕು ಬಿದ್ದ ಲೋಹದಿಂದ ಎಲೆಕ್ಟ್ರಾನುಗಳು ಹೊರಬರುತ್ತವೆ ಎಂಬುದನ್ನು ವಿಜ್ಞಾನ ಭವನದ ಆಡಳಿತ ಮಂಡಳಿಯು ತನ್ನ ಸಾಮಾನ್ಯ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಖಜಾಂಚಿಯವರು ಮಾತ್ರ, ಹೊರಹೋದವು ವಾಪಸು ಬರುತ್ತವೆಯೇ ಎಂದು ವಿಚಾರಿಸಿ, ಬರುವ ಖಾತ್ರಿಯಿಲ್ಲವೆಂದು ತಿಳಿದು, ತಮ್ಮ ಅಸಮಾಧಾನವನ್ನು ನಡಾವಳಿಯಲ್ಲಿ ಬರೆಸಿದರು.

ಇದನ್ನು ಸಾರ್ವಜನಿಕರಿಗೆ ಮಾಡಿ ತೋರಿಸುವ ಕೆಲಸ ಪ್ರಯೋಗ ಸಹಾಯಕನ ತಲೆಗೆ ಬಂತು. ಭವನದಲ್ಲಿ ಅವನಿಗೆ ತಾತ್ಕಾಲಿಕ ಎಂದೇ ಹೆಸರು. ಸೇರಿದ ದಿನ ಹುದ್ದೆಯ ಮುಂದೆ ಅಂಟಿಕೊಂಡ ಆ ಪದ, ತಲೆ ನರೆತರೂ ಉದುರಿರಲಿಲ್ಲ. ವರ್ಷಕ್ಕೊಂದು ದಿನ ಅವನನ್ನು ಕೆಲಸದಿಂದ ತೆಗೆದು, ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನ ಹೆಂಡತಿ ಅವನ ಕೈಯಲ್ಲಿ ಅಟ್ಟ ಗುಡಿಸಿಸುತ್ತಿದ್ದಳು. ಈ ಪ್ರಯೋಗ ಯಶಸ್ವಿಯಾದರೆ ಕಾಯಂ ಮಾಡುವುದಾಗಿ ನಿರ್ದೇಶಕರು ಈಗ ಮಾತು ಕೊಟ್ಟಿದ್ದರು.

ಪ್ರಯೋಗವೇನೋ ಸರಳ. ಮೇಲೆ ಸತುವಿನ ತಗಡು, ಕೆಳಗೆ ಗಾಜಿನ ಬುರುಡೆಯೊಳಗೆ ಒಂದು ಕಡ್ಡಿ, ಕಡ್ಡಿಗೆ ಅಂಟಿದ ತೆಳ್ಳನೆಯ ಚಿನ್ನದ ಎಲೆ. ತಗಡಿಗೆ ಋಣ ವಿದ್ಯುತ್ತು ಕೊಟ್ಟರೆ ಎಲೆ ನಿಗುರಿ ನಿಲ್ಲುತ್ತದೆ. ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಎಲೆಕ್ಟ್ರಾನುಗಳು ಹಾರಿಹೋಗಿ ಎಲೆ ಮೆಲ್ಲಗೆ ಇಳಿಯುತ್ತದೆ. ಅದು ಇಳಿಯುವುದನ್ನು ನೋಡುವುದೆಂದರೆ ತಾತ್ಕಾಲಿಕನಿಗೆ ಪ್ರಾಣ. ಮಸುಕು ಕಟ್ಟಿದ ತಗಡು ಎಲೆಕ್ಟ್ರಾನು ಬಿಡದೆಂದು, ದಿನಾ ಬೆಳಗ್ಗೆ ಸ್ಯಾಂಡ್‌ಪೇಪರ್ ಹಿಡಿದು ಅದನ್ನು ತಾನೇ ಉಜ್ಜುತ್ತಿದ್ದ.

ಉದ್ಘಾಟನೆಗೆ ಮುನ್ನ ಸುರಕ್ಷತಾ ಅಧಿಕಾರಿಗಳು ಬಂದು, ಈ ಬೆಳಕು ಕಣ್ಣಿಗೆ ಹಾನಿಕರವೆಂದು, ದೀಪಕ್ಕೂ ತಗಡಿಗೂ ನಡುವೆ ದಪ್ಪ ಗಾಜು ನಿಲ್ಲಿಸಿದರು. ಗಾಜು ಅವರ ಅಳಿಯನ ಅಂಗಡಿಯಿಂದ ಬಂತು. ಇದು ಕೇವಲ ಆಕಸ್ಮಿಕವೆಂದು ಆದೇಶದಲ್ಲಿ ಮುಂಚಿತವಾಗಿಯೇ ನಮೂದಿಸಲಾಗಿತ್ತು. ಬೇಕಾದ ಬೆಳಕನ್ನೇ ಗಾಜು ತಡೆಯುತ್ತದೆ, ಎಲೆ ಇಳಿಯುವುದಿಲ್ಲ ಎಂದು ತಾತ್ಕಾಲಿಕ ಕೈ ಹೊಸೆಯುತ್ತ ಹೇಳಿದ. ಹಾಗಾದರೆ ಬೆಳಕು ಸಾಲದು ಎಂದು ನಿರ್ದೇಶಕರು ಗ್ರಹಿಸಿ, ತಮ್ಮ ಭಾವಮೈದುನನ ಕಡೆಯಿಂದ ಮದುವೆ ಮನೆಗೆ ಸಾಲುವಷ್ಟು ದೀಪಗಳನ್ನು ತರಿಸಿ ಗಾಜಿನ ಹಿಂದೆ ಜೋಡಿಸಿದರು. ಗಾಜು ದಾಟಿ ಬರುವ ಬೆಳಕು ಎಷ್ಟೇ ಇದ್ದರೂ ಒಂದು ಎಲೆಕ್ಟ್ರಾನೂ ಕದಲುವುದಿಲ್ಲ ಎನ್ನಲು ಅವನು ಬಾಯಿ ತೆರೆದ. ಕಾಯಂ ಆದೇಶ ನೆನಪಾಗಿ ಮುಚ್ಚಿದ.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಗುಂಡಿ ಒತ್ತಿದರು. ಸಭಾಂಗಣವೆಲ್ಲ ಝಗಝಗಿಸಿತು. ಎಲೆ ಮಾತ್ರ ನಿಗುರಿಕೊಂಡೇ ಇತ್ತು. ಜನ ಕಾದರು. ಅತಿಥಿಗಳು ಇನ್ನೊಂದು ಉದ್ಘಾಟನೆಗೆ ಹೊತ್ತಾಯಿತೆಂದು ಗಡಿಯಾರ ನೋಡಿದರು. ಆಗ ನಿರ್ದೇಶಕರು ಎದ್ದು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಂತು:

"ದೀಪ ಬೆಳಗಿದ ಕೂಡಲೇ ಎಲೆಯು ಇಳಿದಿದೆ ಎಂದು ಭಾವಿಸತಕ್ಕದ್ದು. ಇಳಿದ ಎಲೆಯನ್ನು ದಿಟ್ಟಿಸಿ ನೋಡುವುದನ್ನು ನಿಷೇಧಿಸಲಾಗಿದೆ."

ಪ್ರದರ್ಶನ ಜನಪ್ರಿಯವಾಯಿತು. ಶಾಲೆಗಳಿಂದ ಮಕ್ಕಳು ಸಾಲುಗಟ್ಟಿ ಬಂದು, ಇಳಿದ ಎಲೆಯ ಚಿತ್ರ ಬರೆದುಕೊಂಡು ಹೋದರು.

ಹೀಗಿರುವಾಗ, ಗೋಡೆಗೆ ಬಣ್ಣ ಬಳಿಯುವವನ ಏಣಿ ತಾಗಿ ಗಾಜು ಒಡೆದು ಬಿತ್ತು. ನೇರಳಾತೀತ ದೀಪ ಉರಿಯುತ್ತಿತ್ತು. ತುಂಬಿದ ಸಭೆಯ ಎದುರಿಗೇ ಎಲೆ ಮೆಲ್ಲಗೆ, ನಿದ್ದೆಗೆ ಜಾರುವ ಕೂಸಿನ ಕೈಯಂತೆ, ಕೆಳಗಿಳಿಯಿತು. ತಾತ್ಕಾಲಿಕನ ಕಣ್ಣು ತುಂಬಿ ಬಂತು. ಸಂಜೆಯೊಳಗೆ ಪ್ರೇಕ್ಷಕರಿಂದ ದೂರು ಬಂತು: ಯಂತ್ರ ಕೆಟ್ಟಿದೆ, ಎಲೆ ಮೊದಲಿನ ಹಾಗೆ ಇಳಿಯುತ್ತಿಲ್ಲ.

ಮರುದಿನ ನಿರ್ದೇಶಕರು ಅವನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅವನ ಕಾಯಂ ಆದೇಶವಿತ್ತು. ಸಹಿಯೊಂದು ಬಾಕಿ, ಪೆನ್ನಿನ ಮುಚ್ಚಳವೂ ತೆಗೆದಿತ್ತು.

"ಇಳಿದಿರೋ ಎಲೆ ಇನ್ನೊಂದು ಸಲ ಇಳಿಯೋದು ಹೇಗಪ್ಪಾ?" ಎಂದರು ಅವರು, ಬೇಸರವೇ ಇಲ್ಲದೆ. "ಉದ್ಘಾಟನೆ ದಿನ ಇಳಿದಿದ್ದು ಸುಳ್ಳು, ಇಲ್ಲಾ ನಿನ್ನೆ ಇಳಿದಿದ್ದು ಸುಳ್ಳು. ಯಾವುದು ಅಂತ ನೀನೇ ಹೇಳಿಬಿಡು."

ತಾತ್ಕಾಲಿಕ ಪೆನ್ನನ್ನು ನೋಡಿದ. ಅಟ್ಟ ನೆನಪಾಯಿತು. ಎಲೆ ಇಳಿದ ಬಗೆಯೂ ನೆನಪಾಯಿತು.

"ನಿನ್ನೇದು, ಸರ್."

ಆದೇಶಕ್ಕೆ ಸಹಿ ಬಿತ್ತು. ಮೊದಲಿಗಿಂತ ದಪ್ಪನೆಯ ಗಾಜು ಅದೇ ಅಂಗಡಿಯಿಂದ ಬಂತು. ಅವನೇ ಮುಂದೆ ನಿಂತು ಕೂರಿಸಿದ. ಸಹೋದ್ಯೋಗಿಗಳು ಅಭಿನಂದಿಸಿ, ಇನ್ನು ಮುಂದೆ ಅವನನ್ನು ಕಾಯಂ ತಾತ್ಕಾಲಿಕ ಎಂದು ಕರೆಯತಕ್ಕದ್ದೆಂದು ತೀರ್ಮಾನಿಸಿದರು. ತಗಡು ಉಜ್ಜುವುದನ್ನು ಅವನು ನಿಲ್ಲಿಸಿದ.

ತಿಂಗಳಾದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, ಅಷ್ಟು ಒದ್ದಾಡುತ್ತಿದ್ದಿರಲ್ಲ, ಆ ಎಲೆ ಈಗಲಾದರೂ ಇಳಿಯುತ್ತದೆಯೇ ಎಂದು ಕೇಳಿದಳು.

ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಕಾಯಂ ಆದ ಮೇಲೆ ಚೆನ್ನಾಗಿ ಇಳೀತಾ ಇದೆ ಕಣೇ."